ಎಡಗಡೆಯ ಮೊಗ್ಗು

ಇಪ್ಪತ್ತಮೂರು ದಿನಗಳಿಂದ ಅವಳು ತನ್ನ ಡೈರಿಗೇ ಸುಳ್ಳು ಹೇಳುತ್ತಿದ್ದಳು.

ಪೂರಾ ಸುಳ್ಳೂ ಅಲ್ಲ ಅದು. ಬಸ್ಸು ತಡವಾದದ್ದು, ಊಟದ ಡಬ್ಬಿಯ ಮುಚ್ಚಳ ಕಳೆದದ್ದು, ಎದುರುಮನೆ ಬೆಕ್ಕು ಮರಿ ಹಾಕಿದ್ದು, ಎಲ್ಲವನ್ನೂ ಬರೆಯುತ್ತಿದ್ದಳು. ಆ ಒಂದು ವಿಷಯದ ಹತ್ತಿರ ಬಂದಾಗ ಮಾತ್ರ ಹಾಳೆಯ ಅಂಚಿನಲ್ಲಿ ಒಂದು ಸಣ್ಣ ಚುಕ್ಕಿ ಇಟ್ಟು ಪುಸ್ತಕ ಮುಚ್ಚಿಬಿಡುತ್ತಿದ್ದಳು. ಯಾರಾದರೂ ಕದ್ದು ಓದಿದರೆ ಶಾಯಿ ಸಿಡಿದಿದೆ ಅಂದುಕೊಳ್ಳಬೇಕು, ಅಷ್ಟು ಸಣ್ಣದು. ಕದ್ದು ಓದುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ, ಆ ಮಾತು ಬೇರೆ. ಅಪ್ಪ ದೂರದ ಊರುಗಳಿಗೆ ಲಾರಿ ಓಡಿಸುವವನು, ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಅಮ್ಮ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷಿನ್ ಇಟ್ಟುಕೊಂಡು ಅವರಿವರ ಹಳೆ ಬಟ್ಟೆ ಸರಿಮಾಡಿಕೊಡುವವಳು. ಮಗಳ ಡೈರಿಯ ಮೇಲೆ ಬಿಸಿ ಪಾತ್ರೆ ಇಟ್ಟಾಳೇ ಹೊರತು ತೆರೆದು ನೋಡುವ ಪೈಕಿಯಲ್ಲ.

ಚುಕ್ಕಿಯ ಅರ್ಥ ಇಷ್ಟೇ: ಎಡ ಎದೆಯ ಕೆಳಭಾಗದಲ್ಲಿ, ಹೊರಮಗ್ಗುಲಿಗೆ, ಚರ್ಮದ ಅಡಿಯಲ್ಲಿ ಒಣಬಟಾಣಿಯಷ್ಟು ಗಟ್ಟಿಯಾಗಿ ಏನೋ ಇತ್ತು. ಸ್ನಾನ ಮಾಡುವಾಗ ಸೋಪಿನ ಬೆರಳಿಗೆ ಸಿಕ್ಕಿತ್ತು. ನೋವಿಲ್ಲ. ನಾಳೆ ಇರುವುದಿಲ್ಲ ಅಂದುಕೊಂಡಳು, ಇತ್ತು. ಸೋಮವಾರದ ಹೊತ್ತಿಗೆ ಹೋಗಿರುತ್ತದೆ ಅಂದುಕೊಂಡಳು, ಸೋಮವಾರವೂ ಇತ್ತು. ಯಾರಿಗೆ ಹೇಳುವುದು? ಹೇಳುವುದಾದರೂ ಯಾವ ಮಾತಿನಿಂದ ಶುರುಮಾಡುವುದು? ಬಸ್ಸಿನಲ್ಲಿ ತನ್ನ ಸ್ಟಾಪು ಬಂದರೆ 'ಇಳೀಬೇಕು' ಅನ್ನಲು ನಾಚಿ, ಮುಂದಿನ ಸ್ಟಾಪಿನಲ್ಲಿ ಇನ್ಯಾರದೋ ಬೆನ್ನ ಹಿಂದೆ ಇಳಿದು ಅಷ್ಟು ದೂರ ವಾಪಸು ನಡೆಯುವ ಹುಡುಗಿ ಅವಳು.

ಇಂಥವಳ ಕೆಲಸವೂ ಆ ಜಾಗದ್ದೇ ಆಗಿತ್ತು. ಡಿಗ್ರಿ ಮುಗಿಸಿ ಆರು ತಿಂಗಳಿಂದ ಹೆಂಗಸರ ಒಳ ಉಡುಪಿನ ಕಾರ್ಖಾನೆಯೊಂದರ ಮೂರನೆಯ ಮಹಡಿಯಲ್ಲಿ ಕೂತು ಬ್ರಾಗಳ ಅಂಚಿಗೆ ಹೂಬಳ್ಳಿ ಬರೆಯುತ್ತಿದ್ದಳು. ಯಾರಾದರೂ ಕೇಳಿದರೆ "ಬಟ್ಟೆ ಫ್ಯಾಕ್ಟರಿ" ಎಂದು ಮಾತು ಮುಗಿಸುತ್ತಿದ್ದಳು. 'ಎಡ ಕಪ್', 'ಬಲ ಕಪ್', 'ಕೆಳಪಟ್ಟಿ' ಎಂದು ದಿನಕ್ಕೆ ನಲವತ್ತು ಸಲ ಕಾಗದದ ಮೇಲೆ ಬರೆದರೂ ಆ ಪದಗಳಲ್ಲಿ ಒಂದೂ ಅವಳ ಬಾಯಿಂದ ಬಿದ್ದದ್ದನ್ನು ಕೇಳಿದವರಿಲ್ಲ. ಅವಳು ಏನು ಹೇಳಿದರೂ ಎದುರಿನವರು ಕಿವಿ ಹತ್ತಿರ ತರಬೇಕಿತ್ತು. ಅಲ್ಲಿ ಅವಳಿಗೆ ಪಿಸು ಎಂದೇ ಹೆಸರು ಬಿದ್ದುಹೋಗಿತ್ತು.

ಆ ಡ್ರಾಯಿಂಗ್ ರೂಮಿನಲ್ಲಿ ಗಾಜಿನ ಹಲಗೆಯ ಉದ್ದನೆ ಮೇಜು, ಗಾಜಿನ ಅಡಿಯಲ್ಲಿ ಟ್ಯೂಬ್‌ಲೈಟು. ಕೆಳಮಹಡಿಯಲ್ಲಿ ಕಸೂತಿ ಮಿಷಿನ್ನುಗಳು ಓಡತೊಡಗಿದರೆ ನೆಲ ಸಣ್ಣಗೆ ನಡುಗಿ ಮೇಜಿನ ಮೇಲಿನ ಪೆನ್ಸಿಲುಗಳು ತಾವಾಗಿಯೇ ಉರುಳುತ್ತಿದ್ದವು. ರೂಮಿನ ಯಜಮಾನಿಯನ್ನು ಎಲ್ಲರೂ ದೊಡ್ಡಮೇಡಂ ಅನ್ನುತ್ತಿದ್ದರು. ಹೊಲಿಯದಿದ್ದರೂ ನಡುಬೆರಳಿಗೆ ಸದಾ ಒಂದು ಉಕ್ಕಿನ ಬೆರಳುಟೋಪಿ, ಸೂಜಿ ಚುಚ್ಚದಿರಲೆಂದು ದರ್ಜಿಗಳು ತೊಡುವಂಥದ್ದು. ಬೈಯುವ ಮುಂಚೆ ಅದರಿಂದ ಗಾಜನ್ನು ಟಕಟಕ ಬಡಿಯುವುದು ಅವರ ಅಭ್ಯಾಸ.

ಅವರು ಹೇಳಿಕೊಡುವ ಮೊದಲ ಪಾಠ ಒಂದೇ: ಬಲಗಡೆ ಮಾತ್ರ ಬರೆ.

"ಎಡಗಡೆ ಅನ್ನೋದು ಕನ್ನಡಿ ಕಣಮ್ಮ. ಬಲದ ಚಿತ್ರ ತಿರುವಿಹಾಕಿದ್ರೆ ಎಡ ಬಂತು. ಎರಡೂ ಕೂತು ಬರೆಯೋಕೆ ನಮಗೇನು ಬೇರೆ ಕೆಲಸ ಇಲ್ವಾ?"

ಹಾಗಾಗಿ ಬರೆಯುವವರು ಬಲವನ್ನೇ ಬರೆಯುತ್ತಿದ್ದರು, ತಿದ್ದುವವರು ಬಲವನ್ನೇ ತಿದ್ದುತ್ತಿದ್ದರು, ಒಪ್ಪಿಗೆಯ ಸಹಿಯೂ ಬಲದ ಮೇಲೆಯೇ ಬೀಳುತ್ತಿತ್ತು. ಎಡಗಡೆಯನ್ನು ಆ ಕಟ್ಟಡದಲ್ಲಿ ಯಾರೂ ನೋಡುತ್ತಿರಲಿಲ್ಲ.

ಪಿಸು ಬರೆದ ಹನ್ನೊಂದು ಡಿಸೈನುಗಳನ್ನು ದೊಡ್ಡಮೇಡಂ ಹನ್ನೊಂದು ಸಲವೂ ವಾಪಸು ಕೊಟ್ಟಿದ್ದರು. "ಹೂವಿನ ಹಾಗಿದೆ, ಹೂವಲ್ಲ" ಎಂದು. ಹನ್ನೆರಡನೆಯದು ಮಾತ್ರ ಮೇಜಿನ ಮೇಲೆ ಇಟ್ಟ ಕೂಡಲೇ ಅವರ ಕೈ ತಡೆದಿತ್ತು. ತೆಳ್ಳನೆ ಬಳ್ಳಿ, ಮೀನಿನ ಮುಳ್ಳಿನಂಥ ಎಲೆ, ಬಳ್ಳಿಯ ತಿರುವುಗಳಲ್ಲಿ ಜೋಡಿ ಜೋಡಿಯಾಗಿ ತೂಗುವ ಮೊಗ್ಗು.

"ಇದು ಯಾರದು ಡಿಸೈನು?"

"ನಂದು ಮೇಡಂ" ಎಂದಿದ್ದಳು ಪಿಸು, ಎಂದಿನ ಪಿಸುದನಿಯಲ್ಲಿ.

ಅದು ಅವಳದಾಗಿರಲಿಲ್ಲ. ಚಳಿ ಶುರುವಾಯಿತೆಂದು ಅಮ್ಮನ ಮಂಚದ ಕೆಳಗಿನ ಟ್ರಂಕಿನಿಂದ ಹೊದಿಕೆ ತೆಗೆಯುವಾಗ ತಳದಲ್ಲಿ ಒಂದು ಬಟ್ಟೆಗಂಟು ಸಿಕ್ಕಿತ್ತು. ಅದರೊಳಗೆ ಹಳೆಯ ಕಾಲದ ಹೆಂಗಸರು ಮನೆಯಲ್ಲೇ ಹೊಲಿದುಕೊಳ್ಳುತ್ತಿದ್ದಂಥ ಹತ್ತಿಯ ಬಾಡಿಗಳು, ಒಂದೊಂದೂ ಸರಿಯಾಗಿ ನಡುವಿಗೆ ಮಡಿಸಿದವು, ಬಲಗಡೆ ಮೇಲಾಗಿ. ಬಿಳಿ ಬಟ್ಟೆಯ ಮೇಲೆ ಬಿಳಿ ದಾರದ ಹೂ. ಕಣ್ಣಿಗೆ ಅಷ್ಟಾಗಿ ಕಾಣದು, ಬೆರಳಾಡಿಸಿದರೆ ಗೊತ್ತಾಗಬೇಕು. ಅಮ್ಮ ಹಾಗೆ ತಳದಲ್ಲಿ ಜೋಪಾನ ಮಾಡಿದ್ದು ಚಿಕ್ಕಮ್ಮನದೇ ಇರಬೇಕೆಂದು ಅವಳಿಗೆ ಹೇಳಬೇಕಾಗಿರಲಿಲ್ಲ. ಅಮ್ಮನ ಒಬ್ಬಳೇ ತಂಗಿ, ಇವಳು ಹುಟ್ಟುವ ಮೊದಲೇ, ಇಪ್ಪತ್ತನೆಯ ವಯಸ್ಸಿಗೆ ಜ್ವರ ಬಂದು ತೀರಿಕೊಂಡವಳು. ಪಿಸು ಮೇಲಿನದೊಂದನ್ನು ಎತ್ತಿಕೊಂಡು, ಮಡಿಕೆ ಬಿಚ್ಚದೆ ಹಾಗೆಯೇ ನೆಲದ ಮೇಲಿಟ್ಟು, ಮೇಲೆ ಟ್ರೇಸಿಂಗ್ ಕಾಗದ ಹಾಸಿ ಪೆನ್ಸಿಲನ್ನು ಓರೆಯಾಗಿ ಉಜ್ಜಿದಳು. ದಾರದ ಉಬ್ಬು ಒಂದೊಂದಾಗಿ ಕಾಗದಕ್ಕೆ ಏರಿ ಬಂತು. ಬಲಗಡೆ ಸಾಕಲ್ಲ. ಎಡ ಕನ್ನಡಿ. ಮುಗಿದ ಮೇಲೆ ಗಂಟನ್ನು ಮೊದಲಿನಂತೆಯೇ ಕಟ್ಟಿಟ್ಟಳು.

ಮೊದಲ ಸ್ಯಾಂಪಲ್ ಬಂದದ್ದು ಇಪ್ಪತ್ತಮೂರನೆಯ ಚುಕ್ಕಿಯ ಮಾರನೆಯ ದಿನ. ತಂದವರು ಪಂಚಿಂಗ್ ಮಾಸ್ಟರ್, ಅಂದರೆ ಚಿತ್ರವನ್ನು ಸೂಜಿ ನಡೆಯುವ ದಾರಿಯಾಗಿ ಕಂಪ್ಯೂಟರಿಗೆ ತುಂಬಿಸುವವರು. ಕನ್ನಡಕ ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುವ ಗಿರಾಕಿ ಎಂದು ಕಾರ್ಖಾನೆಗೆಲ್ಲ ಹೆಸರಾದವರು.

"ಏನಮ್ಮ ಪಿಸು, ಎಡಗಡೆ ಮೇಲೆ ಜಾಸ್ತಿ ಪ್ರೀತಿನಾ ನಿಂಗೆ?"

ಗಾಜಿನ ಮೇಲೆ ಸ್ಯಾಂಪಲ್ ಹರಡಿದರು. ಬಲ ಕಪ್ಪಿನ ಮೇಲೆ ಬಳ್ಳಿ, ಎಲೆ, ಜೋಡಿಮೊಗ್ಗು, ಎಲ್ಲ ಬರೆದ ಹಾಗೆಯೇ. ಎಡ ಕಪ್ಪಿನಲ್ಲೂ ಅದೇ. ಆದರೆ ಕೆಳಗೆ, ಹೊರಮಗ್ಗುಲಿಗೆ, ಬಳ್ಳಿಯೇ ಹೋಗದ ಜಾಗದಲ್ಲಿ ಮೂರು ಮೊಗ್ಗು, ಒಂದಕ್ಕೊಂದು ಅಂಟಿಕೊಂಡು ಕೂತಿದ್ದವು.

"ನಾನು ಬರೆದಿಲ್ಲ."

"ಆಂ?" ಮಾಸ್ಟರ್ ಕಿವಿ ತಂದರು.

"ನಾನು ಬರೆದಿಲ್ಲ ಸರ್."

"ನಾನೂ ಬರೆದಿಲ್ಲ ತಾಯಿ. ಬಲಗಡೆ ಒಂದನ್ನೇ ಕೊಡೋದು ನಾನು, ಎಡ ಅದೇ ತಿರುಗಿಸಿಕೊಳ್ಳುತ್ತೆ. ಎಡಕ್ಕೆ ಅಂತ ಬೇರೆ ಫೈಲೇ ಇಲ್ಲ. ಬಲದಲ್ಲಿ ಇಲ್ಲದ್ದು ಎಡದಲ್ಲಿ ಎಲ್ಲಿಂದ ಬಂತು ಅಂತೀನಿ! ಮಿಷಿನ್ನಿಗೆ ವಯಸ್ಸಾಯ್ತು ಮೇಡಂ, ನಮ್ಮ ಹಾಗೇ. ಒಂದು ಕಡೆ ಜೋಲುತ್ತೆ."

ದೊಡ್ಡಮೇಡಂ ನಗಲಿಲ್ಲ. ಬೆರಳುಟೋಪಿ ಟಕ್ ಎಂದಿತು. "ಜೋಕು ಸಾಕು. ಸೂಜಿ ಬದಲಾಯಿಸಿ, ಇನ್ನೊಂದು ತೆಗೆಯಿರಿ."

ಎರಡು ದಿನ ಬಿಟ್ಟು ಇನ್ನೊಂದು ಬಂತು. ಸ್ಯಾಂಪಲ್ ಯಾವುದೇ ಇರಲಿ, ಅದನ್ನು ಮೈಮೇಲೆ ಹಾಕಿ ನೋಡಿದ ಮೇಲೆಯೇ ಮುಂದಿನ ಮಾತು. ಅದಕ್ಕೆಂದೇ ಅಲ್ಲಿ ಒಬ್ಬ ಹೆಂಗಸು ಇದ್ದಳು, ಎಲ್ಲರ ಬಾಯಲ್ಲಿ ಅಳತೆಯಕ್ಕ. ಹತ್ತು ವರ್ಷದಿಂದ ಅವಳ ಮೈಯಳತೆಯೇ ಕಾರ್ಖಾನೆಯ ಅಳತೆ. "ನಾನು ಒಂದು ತುತ್ತು ಜಾಸ್ತಿ ತಿಂದ್ರೆ ದೇಶದ ಹೆಂಗಸರಿಗೆಲ್ಲ ಬಿಗಿ ಸಡಿಲ ಆಗುತ್ತೆ, ಗೊತ್ತಾ?" ಎಂದು ಹೇಳಿಕೊಳ್ಳುವವಳು. ಪರದೆಯ ಹಿಂದೆ ಅವಳು ಹಾಕಿಕೊಂಡು ನಿಂತಳು. ಪಿಸು ಸೀಮೆಸುಣ್ಣದ ಚೂರು, ಗುಂಡುಪಿನ್ನು ಹಿಡಿದು ಎದುರಿಗೆ ನಿಂತಳು, ಕಣ್ಣನ್ನು ಅಳತೆಯಕ್ಕನ ಭುಜಕ್ಕಿಂತ ಕೆಳಗೆ ಇಳಿಸದೆ.

"ನೋಡೇ ಹುಡುಗಿ, ನೋಡೋಕೆ ತಾನೇ ನಾನು ನಿಂತಿರೋದು. ಗೋಡೆ ಮೇಲೆ ಏನು ಹೂ ಬಿಟ್ಟಿದ್ಯಾ?"

ಪಿಸು ನೋಡಿದಳು. ಎಡ ಕಪ್ಪಿನ ಕೆಳಗೆ, ಅದೇ ಜಾಗದಲ್ಲಿ, ಈ ಸಲ ನಾಲ್ಕು.

ಅಳತೆಯಕ್ಕ ಮಾತು ನಿಲ್ಲಿಸಿದ್ದಳು. ಅವಳು ಮಾತು ನಿಲ್ಲಿಸಿದ್ದನ್ನು ಪಿಸು ಈವರೆಗೆ ಕಂಡಿರಲಿಲ್ಲ.

"ಚುಚ್ಚುತ್ತಾ ಅಕ್ಕ?"

"ಚುಚ್ಚಲ್ಲ." ಅಳತೆಯಕ್ಕ ಆ ಜಾಗವನ್ನು ಮುಟ್ಟದೆ ಕೈಯನ್ನು ದೂರದಲ್ಲೇ ಹಿಡಿದಳು. "ಒತ್ತಿದ ಹಾಗಾಗುತ್ತೆ ಕಣೇ. ಯಾರೋ ಬೆರಳಿಟ್ಟು ಇಲ್ಲಿ, ಇಲ್ಲಿ ಅಂತ ತೋರಿಸ್ತಾ ಇರೋ ಹಾಗೆ." ಸರಸರನೆ ಕೊಂಡಿ ಬಿಚ್ಚಿ ಅದನ್ನು ಪಿಸುವಿನ ಕೈಗೆ ಎಸೆದಳು. "ಇದು ನನಗೆ ಹೊಲಿದಿದ್ದಲ್ಲ. ನನಗೆ ಬೇಡ ಇದು."

ಕೈಯಲ್ಲಿ ಬಟ್ಟೆ ಬೆಚ್ಚಗಿತ್ತು. ನಾಲ್ಕು ಮೊಗ್ಗಿನ ಜಾಗ ಮಾತ್ರ ತಣ್ಣಗಿತ್ತು.

ಮಾಸ್ಟರ್ ಸ್ಯಾಂಪಲನ್ನು ಒಳಮೈಗೆ ತಿರುಗಿಸಿ, ಹಣೆಯ ಕನ್ನಡಕವನ್ನು ಕಣ್ಣಿಗಿಳಿಸಿ, ಬಹಳ ಹೊತ್ತು ನೋಡಿದರು. ಮಿಷಿನ್ ಹೊಲಿಗೆಗೆ ಮೇಲೊಂದು ದಾರ, ಕೆಳಗೊಂದು ದಾರ ಬೇಕೇ ಬೇಕು. ಬಳ್ಳಿಯಲ್ಲೆಲ್ಲ ಎರಡೂ ಇದ್ದವು. ಮೊಗ್ಗುಗಳಲ್ಲಿ ಕೆಳದಾರವೇ ಇರಲಿಲ್ಲ. ಒಂದೇ ದಾರ, ಕೊನೆಯನ್ನು ಎರಡು ಸಲ ಹಿಂದಕ್ಕೆ ಮಡಿಸಿ ಅದರದೇ ಅಡಿಗೆ ಸಿಕ್ಕಿಸಲಾಗಿತ್ತು.

"ಇದು ಕೈಹೊಲಿಗೆ ಮೇಡಂ."

ದೊಡ್ಡಮೇಡಂ ಪಿಸುವಿನ ಕಡೆ ನೋಡಿದರು. ಟಕ್, ಟಕ್. "ಹನ್ನೊಂದು ಸಲ ವಾಪಸು ಕೊಟ್ಟೆ ಅಂತ ಸಿಟ್ಟಾ ನಿಂಗೆ? ನಮಗೆ ಆಟ ಆಡಿಸ್ತಿದೀಯಾ?"

ಇಲ್ಲ ಅನ್ನಲು ಬಾಯಿ ತೆರೆದಳು. ಗಾಳಿ ಬಂತು, ಮಾತು ಬರಲಿಲ್ಲ. ಬಾಯಿಲ್ಲದವರ ಮೇಲೆ ಅನುಮಾನ ಬೇಗ ಕೂರುತ್ತದೆ.

ಆ ಸಂಜೆ ಮನೆಗೆ ಬಂದಾಗ ಅಮ್ಮ ಒಂದು ಶಾಲೆಯ ಅಂಗಿಗೆ ಹೊಸ ಕಾಲರ್ ಕೂರಿಸುತ್ತಿದ್ದಳು. ಪಿಸು ಪಕ್ಕದ ಸ್ಟೂಲಿನ ಮೇಲೆ ಕೂತು ದಾರದ ಉಂಡೆ ತಿರುಗಿಸುತ್ತ ಕೇಳಿದಳು, "ಅಮ್ಮ, ಚಿಕ್ಕಮ್ಮ ಹೂ ಹಾಕ್ತಿದ್ರಾ?"

ಮಿಷಿನ್ನಿನ ಚಕ್ರ ನಿಂತಿತು. "ಯಾರು ಹೇಳಿದ್ರು?"

"ಸುಮ್ನೆ ಕೇಳಿದೆ."

"ಹಾಕ್ತಿದ್ಲು." ಚಕ್ರ ಮತ್ತೆ ತಿರುಗಿತು. "ಕಾಲು ತೆಗಿ, ಬಟ್ಟೆ ತುಳೀತಿದೀಯ."

ಅಮ್ಮನ ಅಂಗಡಿಗೊಂದು ನಿಯಮವಿತ್ತು, ಬಾಗಿಲಿಗೆ ಬಂದವರಿಗೆಲ್ಲ ಹೇಳುತ್ತಿದ್ದಳು: ಅಂಚು ಮಡಿಸ್ತೀನಿ, ಜಿಪ್ ಹಾಕ್ತೀನಿ, ತೇಪೆ ಹಚ್ತೀನಿ, ಹೂ ಮಾತ್ರ ಕೇಳಬೇಡಿ. ಹೊಲಿಗೆ ಬಲ್ಲವಳು ಹೂ ಯಾಕೆ ಹಾಕುವುದಿಲ್ಲ ಎಂದು ಪಿಸು ಒಮ್ಮೆಯೂ ಯೋಚಿಸಿರಲಿಲ್ಲ.

"ಅವರಿಗೆ ಏನಾಗಿತ್ತಮ್ಮ?"

"ಜ್ವರ ಅಂತ ಎಷ್ಟು ಸಲ ಹೇಳಬೇಕು? ಹೋಗಿ ಕೈಕಾಲು ತೊಳ್ಕೊ."

ಸ್ನಾನದ ಮನೆಯಲ್ಲಿ ಬೆರಳು ತಾನಾಗಿಯೇ ಆ ಜಾಗಕ್ಕೆ ಹೋಯಿತು. ಬಟಾಣಿ ಅಲ್ಲೇ ಇತ್ತು. ದೊಡ್ಡದಾಗಿದೆಯೋ, ಹೆದರಿಕೆಗೆ ಹಾಗನ್ನಿಸುತ್ತಿದೆಯೋ ತಿಳಿಯಲಿಲ್ಲ. ಕಾರ್ಖಾನೆಯ ಮೇಜಿನ ಮೇಲೆ ಸ್ಯಾಂಪಲ್ ಸುತ್ತ ಎಲ್ಲರೂ ತಲೆ ಕೆಡಿಸಿಕೊಂಡಿದ್ದರು, ಅವಳು ಮಾತ್ರ ಬಚ್ಚಲಿನಲ್ಲಿ ನೀರು ಆರುವವರೆಗೆ ನಿಂತಿದ್ದಳು. ಡೈರಿಯ ಅಂಚಿನಲ್ಲಿ ಇಪ್ಪತ್ತಾರನೆಯ ಚುಕ್ಕಿ ಬಿತ್ತು.

ಮೂರನೆಯ ಸ್ಯಾಂಪಲಿಗೆ ದೊಡ್ಡಮೇಡಂ ತಾವೇ ಕೆಳಗಿಳಿದು ಬಂದರು. ಶನಿವಾರ, ನಡುಹಗಲು. ಪಿಸುವನ್ನು ಎರಡು ಗಜ ದೂರ, ಕೈ ಕಾಣುವಂತೆ ನಿಲ್ಲಿಸಿದರು. ಹೂವೊಂದನ್ನು ಬಿಟ್ಟು ಪಟ್ಟಿ, ಕೊಂಡಿ ಎಲ್ಲ ಹೊಲಿದು ಮುಗಿಸಿದ್ದ ಬಟ್ಟೆಯನ್ನು ಚೌಕಟ್ಟಿಗೆ ಬಿಗಿದವರು ಅವರೇ. ಸ್ವಿಚ್ಚು ಒತ್ತಿದವರು ಮಾಸ್ಟರ್. ಹೊಲಿಗೆ ಶುರುವಾಗಿ ಮುಗಿಯುವವರೆಗೆ ನಾಲ್ಕು ಕಣ್ಣು ಸೂಜಿಯ ಮೇಲೆಯೇ ಇದ್ದವು. ಸೂಜಿ ಬಲ ಕಪ್ಪಿನ ಬಳ್ಳಿ ಹೊಲಿಯಿತು, ನಿಂತಿತು, ಎಡಕ್ಕೆ ಜರುಗಿತು, ಅದೇ ಬಳ್ಳಿಯನ್ನು ತಿರುವಿ ಹೊಲಿಯಿತು. ಕೆಳಗಿನ ಹೊರಮಗ್ಗುಲಿನ ಹತ್ತಿರ ಅದು ಸುಳಿಯಲೂ ಇಲ್ಲ. ದಾರ ಕತ್ತರಿಸಿತು. ಹಸಿರು ದೀಪ ಬಂತು.

"ನೋಡಿದ್ರಾ? ಸರಿಹೋಯ್ತು" ಎನ್ನುತ್ತ ಮಾಸ್ಟರ್ ಚೌಕಟ್ಟು ಬಿಚ್ಚಿ ಬಟ್ಟೆಯನ್ನು ಬೆಳಕಿಗೆ ಎತ್ತಿದರು.

ಐದು.

ಪಕ್ಕದ ಮಿಷಿನ್ನುಗಳು ಏನೂ ಆಗಿಲ್ಲವೆಂಬಂತೆ ಕಟಕಟ ಓಡುತ್ತಿದ್ದವು. ಮಾಸ್ಟರ್ ಬಟ್ಟೆಯನ್ನು ಕೆಳಗಿಟ್ಟು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು. ದೊಡ್ಡಮೇಡಂ ಬೆರಳುಟೋಪಿಯನ್ನು ತೆಗೆದರು. ಅದರ ಅಡಿಯ ಬೆರಳು ಬೆಳ್ಳಗೆ, ಸುಕ್ಕಾಗಿ, ಬಹಳ ದಿನ ಬೆಳಕು ಕಾಣದ್ದಾಗಿತ್ತು.

"ನೀನಲ್ಲ ಅಂತ ಗೊತ್ತಾಯ್ತು" ಎಂದರು ಪಿಸುವಿಗೆ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವಳನ್ನು ಹೆದರಿಸಿತು. "ಆದ್ರೆ ಇದು ನಿನ್ನ ತಲೆಯಿಂದ ಬಂದಿದ್ದೂ ಅಲ್ಲ. ಎಲ್ಲಿಂದ ತಂದೆ?"

ಪಿಸು ನೆಲ ನೋಡಿದಳು.

"ಹೇಳಬೇಡ ಬಿಡು. ಸೋಮವಾರ ಈ ಡಿಸೈನು ಬೇಡ ಅಂತ ಬರೆದುಬಿಡ್ತೀನಿ. ಇದನ್ನ ತಗೊಂಡು ಹೋಗು. ಎಲ್ಲಿಂದ ತಂದೆಯೋ ಅಲ್ಲೇ ಇಟ್ಟುಬಾ. ನನ್ನ ಮೇಜಿನ ಮೇಲೆ ಇದು ಇರೋದು ಬೇಡ ಕಣಮ್ಮ."

ಬಸ್ಸಿನಲ್ಲಿ ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಳ್ಳಲಾಗದೆ ಕಾಲಿನ ಹತ್ತಿರ ಇಟ್ಟಳು. ಇಳಿಯುವಾಗ ಮತ್ತೆ ಒಂದು ಸ್ಟಾಪು ಮುಂದೆ ಹೋಗಿದ್ದಳು.

ಭಾನುವಾರ ಮಧ್ಯಾಹ್ನ ಅಮ್ಮ ಹೊಲಿದ ಬಟ್ಟೆ ಕೊಟ್ಟುಬರಲು ಹೊರಟಳು. ಬಾಗಿಲು ಹಾಕಿದ ಸದ್ದು ಕೇಳಿದ ಮೇಲೂ ಪಿಸು ನೂರರವರೆಗೆ ಎಣಿಸಿದಳು. ಆಮೇಲೆ ಟ್ರಂಕು ಎಳೆದು, ಗಂಟು ಬಿಚ್ಚಿ, ಬಾಡಿಗಳನ್ನು ಅಮ್ಮನ ಮಂಚದ ಮೇಲೆ ಒಂದೊಂದಾಗಿ ಇಟ್ಟಳು. ಆರು ಇದ್ದವು. ಮೊದಲ ಸಲ ಅವುಗಳ ಮಡಿಕೆ ಬಿಚ್ಚಿದಳು.

ಕಿಟಕಿಯಿಂದ ಓರೆಯಾಗಿ ಬಿದ್ದ ಬಿಸಿಲಿಗೆ ಬಿಳಿಯ ಮೇಲಿನ ಬಿಳಿ ನೆರಳು ಹೊತ್ತು ಎದ್ದು ಕಂಡಿತು. ಒಂದು ಬಾಡಿಯಲ್ಲಿ ಎಡವೂ ಬಲವೂ ಒಂದೇ, ಬಳ್ಳಿಗೆ ಬಳ್ಳಿ, ಮೊಗ್ಗಿಗೆ ಮೊಗ್ಗು. ಇನ್ನೊಂದರಲ್ಲಿ ಎಡಗಡೆ, ಕಂಕುಳಿಗೆ ಹತ್ತಿರ, ಬಳ್ಳಿಯಿಂದ ದೂರ, ಒಂಟಿ ಮೊಗ್ಗು. ಮತ್ತೊಂದರಲ್ಲಿ ಅದೇ ಜಾಗದಲ್ಲಿ ಮೂರು. ಅವಳು ಅವನ್ನು ಮೊಗ್ಗಿನ ಲೆಕ್ಕದಲ್ಲಿ ಸಾಲಾಗಿಟ್ಟಳು. ಒಂದೂ ಇಲ್ಲದ್ದು, ಒಂದು, ಮೂರು, ಆರು, ಹತ್ತು. ಮೊಗ್ಗಿನ ಸುತ್ತ ಮೊಗ್ಗು, ಅದರ ಸುತ್ತ ಮೊಗ್ಗು. ಆರನೆಯದರಲ್ಲಿ ಎಣಿಸಲಾಗಲಿಲ್ಲ. ಅಂಗೈಯ ಕುಳಿಯಷ್ಟು ಅಗಲಕ್ಕೆ ಒತ್ತೊತ್ತಾಗಿ ಹಬ್ಬಿ ಬಟ್ಟೆಯನ್ನೇ ಬಿಗಿದು ಎತ್ತಿತ್ತು. ಕೊನೆಯ ಮೊಗ್ಗು ಅರ್ಧಕ್ಕೆ ನಿಂತಿತ್ತು. ಅದರಲ್ಲಿ ತುಕ್ಕು ಹಿಡಿದ ಸೂಜಿ ಹಾಗೆಯೇ ಸಿಕ್ಕಿಕೊಂಡಿತ್ತು, ದಾರ ಪೋಣಿಸಿದ್ದು ಪೋಣಿಸಿದಂತೆ.

ಪಿಸು ಮಂಚದ ಪಕ್ಕದಲ್ಲಿ ಮಂಡಿಯೂರಿ ಕೂತಳು. ಅವಳಿಗೆ ತನ್ನ ಡೈರಿ ನೆನಪಾಯಿತು. ಚಿಕ್ಕಮ್ಮ ಡೈರಿ ಬರೆದವಳಲ್ಲ. ಅವಳ ಹತ್ತಿರ ಇದ್ದದ್ದು ಸೂಜಿ.

ಬ್ಯಾಗಿನಿಂದ ಕಾರ್ಖಾನೆಯ ಸ್ಯಾಂಪಲ್ ತೆಗೆದು ಸಾಲಿನ ಕೊನೆಗೆ ಇಟ್ಟಳು. ಎಲ್ಲಿಂದ ತಂದದ್ದೋ ಅಲ್ಲಿಗೇ ಬಂತು, ಇನ್ನು ಸುಮ್ಮನಾಗಲಿ ಅಂದುಕೊಂಡಳು. ಅಷ್ಟರಲ್ಲಿ ಬೆನ್ನ ಹಿಂದೆ ಬಟ್ಟೆಯ ಚೀಲ ಕೆಳಗೆ ಬಿದ್ದ ಸದ್ದಾಯಿತು.

ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಅಳತೆಟೇಪು ಇನ್ನೂ ಕೊರಳಲ್ಲೇ ಇತ್ತು.

ಬೈಯುತ್ತಾಳೆ ಎಂದು ಪಿಸು ಕತ್ತು ಕುಗ್ಗಿಸಿದಳು. ಅಮ್ಮ ಬೈಯಲಿಲ್ಲ. ಮೆಲ್ಲಗೆ ಬಂದು ಮಂಚದ ಅಂಚಿಗೆ ಕೂತು, ಮೊದಲನೆಯ ಬಾಡಿಯನ್ನು ಎತ್ತಿ, ಸುಕ್ಕು ತೆಗೆದು, ಇದ್ದ ಜಾಗದಲ್ಲೇ ಇಟ್ಟಳು. ಎರಡನೆಯದನ್ನೂ ಹಾಗೆಯೇ.

"ಮದುವೆ ಗೊತ್ತಾಗಿತ್ತು ಅವಳಿಗೆ" ಎಂದಳು. "ಮದುವೆಗೆ ಆರು ತಿಂಗಳಿತ್ತು. ತಿಂಗಳಿಗೊಂದು ಹೊಲ್ಕೊತೀನಿ ಅಂತ ಕೂತ್ಲು. ಎರಡನೇದು ಹೊಲಿಯೋವಾಗ ನಾನು ಕೇಳಿದೆ, ಎಡಗಡೆ ಇದೇನೇ, ತಪ್ಪಾಗಿದೆಯಲ್ಲ ಅಂತ. ಬಾಗಿಲು ಹಾಕಿ ಬಾ ಅಕ್ಕ ಅಂದ್ಲು. ಕೈ ಹಿಡಿದು ಮುಟ್ಟಿಸಿದ್ಲು."

ಪಿಸು ಮಂಚದ ಅಂಚು ಹಿಡಿದುಕೊಂಡಳು.

"ಅಮ್ಮಂಗೆ ಹೇಳಬೇಡ ಅಕ್ಕ, ಮದುವೆ ತಪ್ಪಿಹೋಗುತ್ತೆ, ಗಂಡಸು ಡಾಕ್ಟರ ಮುಂದೆ ಹೇಗೆ ಬಿಚ್ಚಲಿ ಅಂತೆಲ್ಲ ಅಂದ್ಲು. ಸರಿ, ಹೇಳಲ್ಲ ಅಂದೆ. ನಾನು ದೊಡ್ಡವಳು. ನಾನು ಹೇಳಬೇಕಿತ್ತು." ಅಮ್ಮನ ಬೆರಳು ಹತ್ತು ಮೊಗ್ಗಿನ ಮೇಲೆ ಹೋಗಿ ನಿಂತಿತು. "ಯಾಕೆ ಹೊಲೀತೀಯ ಇದನ್ನ ಅಂತ ಕೇಳಿದ್ದಕ್ಕೆ, ಬಾಯಲ್ಲಿ ಹೇಳೋಕೆ ಆಗಲ್ವಲ್ಲ ಅಕ್ಕ, ಎಲ್ಲಾದ್ರೂ ಒಂದು ಕಡೆ ಇರಲಿ ಅಂದ್ಲು. ಕೊನೆಗೆ ಜ್ವರಾನೂ ಬಂತು. ಎಲ್ಲರೂ ಜ್ವರ ಅಂದ್ರು. ನಾನೂ ಜ್ವರ ಅಂದೆ. ಇಪ್ಪತ್ತೇಳು ವರ್ಷದಿಂದ ಅದೇ ಅಂತಿದೀನಿ."

ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸುತ್ತ ಹೋದರು. ಅಮ್ಮ ಒಂದೊಂದೇ ಬಾಡಿಯನ್ನು ನಡುವಿಗೆ ಮಡಿಸತೊಡಗಿದಳು, ಬಲಗಡೆ ಮೇಲಾಗಿ. ಒಂದು, ಎರಡು, ಮೂರು. ಆರನೆಯದನ್ನು ಸೂಜಿ ಚುಚ್ಚದ ಹಾಗೆ ಜೋಪಾನವಾಗಿ ಮಡಿಸಿದಳು. ಆಮೇಲೆ ಅವಳ ಕೈ ಏಳನೆಯದರ ಮೇಲೆ ಬಿತ್ತು.

"ಇದೆಲ್ಲಿತ್ತು? ಅವಳು ಆರೇ ಹೊಲಿದಿದ್ದು."

ಅದನ್ನು ಎತ್ತಿ ಬಿಸಿಲಿಗೆ ಹಿಡಿದಳು. ಬಟ್ಟೆ ಹೊಸದು, ಕೊಂಡಿ ಹೊಸದು, ಪಟ್ಟಿಯಲ್ಲಿ ಕಾರ್ಖಾನೆಯ ಸ್ಯಾಂಪಲ್ ಚೀಟಿ ನೇತಾಡುತ್ತಿತ್ತು. ಅಮ್ಮ ಅದೊಂದನ್ನೂ ನೋಡಲಿಲ್ಲ. ಒಳಮೈಗೆ ತಿರುಗಿಸಿ, ಮೊಗ್ಗಿನ ಹಿಂದೆ ದಾರದ ಕೊನೆ ಎರಡು ಸಲ ಮಡಿಸಿ ತನ್ನ ಅಡಿಗೇ ಸಿಕ್ಕಿಸಿದ್ದನ್ನು ಉಗುರಿನಿಂದ ಮುಟ್ಟಿದಳು.

"ಅವಳ ಕೈಯೇ ಇದು" ಎಂದಳು, ಯಾರಿಗೂ ಅಲ್ಲದ ಹಾಗೆ. "ಹೀಗೆ ಮುಗಿಸ್ತಿದ್ದವಳು ಅವಳೊಬ್ಬಳೇ."

ಮತ್ತೆ ಆರನೆಯ ಬಾಡಿಯ ಮಡಿಕೆ ಬಿಚ್ಚಿ, ಸ್ಯಾಂಪಲನ್ನು ಅದರ ಮೇಲೆ ಸರಿಯಾಗಿ ಕೂರಿಸಿದಳು. ಭುಜಕ್ಕೆ ಭುಜ, ಪಟ್ಟಿಗೆ ಪಟ್ಟಿ, ಹೊಲಿಗೆಯವರು ಅಳತೆ ನೋಡುವ ಹಾಗೆ. ಎರಡೂ ಕೈಯ ಹೆಬ್ಬೆರಳುಗಳಿಂದ ಎಡಗಡೆಯನ್ನು ಸವರಿದಳು. ಅವಳ ಹುಬ್ಬು ಗಂಟಿಕ್ಕಿತು.

"ಜಾಗ ಇದಲ್ಲ."

"ಏನಮ್ಮ?"

"ಅವಳದು ಮೇಲಿತ್ತು. ಇಲ್ಲಿ, ಕಂಕುಳ ಹತ್ರ. ನಾನೇ ಮುಟ್ಟಿದೀನಿ, ಸಾಯೋವರೆಗೂ ಮರೆಯಲ್ಲ." ಅಮ್ಮನ ಬೆರಳು ನಿಧಾನಕ್ಕೆ ಇಳಿದು ಐದು ಮೊಗ್ಗಿನ ಮೇಲೆ ಬಂತು. "ಇದು ಕೆಳಗಿದೆ. ಹೊರಗಡೆಗೆ. ನಾಲ್ಕು ಬೆರಳು ಕೆಳಗೆ. ಇದು ಅವಳದಲ್ಲ."

ಪಿಸು ಕಾರ್ಖಾನೆಯ ಸ್ಯಾಂಪಲುಗಳ ಮೊಗ್ಗನ್ನು ಮನಸ್ಸಿನಲ್ಲೇ ಎಣಿಸಿದಳು. ಮೂರು, ನಾಲ್ಕು, ಐದು. ಅವಳ ಬಲಗೈ ಆಗಲೇ, ಅವಳನ್ನು ಕೇಳದೆಯೇ, ಎಡಗಡೆಯ ಆ ಜಾಗದ ಮೇಲೆ ಹೋಗಿ ಕೂತಿತ್ತು. ಕೆಳಗೆ, ಹೊರಮಗ್ಗುಲಿಗೆ. ಅಮ್ಮ ಅದನ್ನು ಇನ್ನೂ ನೋಡಿರಲಿಲ್ಲ. ಅಮ್ಮ ಬಟ್ಟೆಯನ್ನೇ ನೋಡುತ್ತಿದ್ದಳು, ಸತ್ತವಳ ಹೊಲಿಗೆಯಲ್ಲಿ ಬದುಕಿರುವ ಯಾರದೋ ಗುರುತು ಓದುವವಳಂತೆ.

"ಇದು ಯಾರದು?" ಎಂದು ಕೇಳಿದಳು ಅಮ್ಮ.

ಸುಮ್ಮನಿದ್ದರೆ ಆಗುತ್ತಿತ್ತು. ಗೊತ್ತಿಲ್ಲ ಅಂದರೂ ಆಗುತ್ತಿತ್ತು. ಅಮ್ಮ ಏಳನ್ನೂ ಮಡಿಸಿ, ಗಂಟು ಕಟ್ಟಿ, ಟ್ರಂಕಿನ ತಳಕ್ಕೆ ಇಡುತ್ತಿದ್ದಳು. ಸೋಮವಾರ ದೊಡ್ಡಮೇಡಂ ಡಿಸೈನು ಬೇಡ ಅಂತ ಬರೆಯುತ್ತಿದ್ದರು. ಡೈರಿಯ ಅಂಚಿನಲ್ಲಿ ಇನ್ನೊಂದು ಚುಕ್ಕಿ ಬೀಳುತ್ತಿತ್ತು, ಅದರ ಪಕ್ಕ ಇನ್ನೊಂದು.

ಪಿಸು ಎದ್ದು ನಿಂತಳು. ಮಾತು ಬಂದಾಗ ಅದು ಎಷ್ಟು ಗಟ್ಟಿಯಾಗಿ ಬಂತೆಂದರೆ ಅಮ್ಮ ಬೆಚ್ಚಿ ತಲೆಯೆತ್ತಿದಳು, ಕಿವಿ ಹತ್ತಿರ ತರುವ ಅಗತ್ಯವೇ ಬೀಳಲಿಲ್ಲ.

"ನಂ‌ದಮ್ಮ. ನನ್ನ ಎದೇಲಿ ಗಡ್ಡೆ ಇದೆ."